ಬ್ರ್ಯಾಂಡ್ ಆಮೇಲೆ, ಮೊದಲು ಡೇಟ್ ನೋಡಿ

ವೈನ್ ಶಾಪ್ ಕೌಂಟರಿನ ಮುಂದೆ ಬಿಯರ್ ಬಾಟಲಿಯನ್ನು ಲೈಟಿಗೆ ಹಿಡಿದು, ತಿರುಗಿಸಿ ತಿರುಗಿಸಿ ಓದುವ ಹೆಂಗಸೊಬ್ಬಳು ಮಂಗಳೂರಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದರೆ ಅದು ಬಹುಶಃ ನಾನೇ. ಹಿಂದೆ ನಿಂತವರಿಗೆ ಸಿಟ್ಟು ಬರುತ್ತದೆ, ಗೊತ್ತು. ಮನೆ ಹತ್ತಿರದ ಅಂಗಡಿಯ ಹುಡುಗ ಮೊದಮೊದಲು, "ಅಕ್ಕ, ಅದೆಂತ ಕೆಮ್ಮಿನ ಮದ್ದಾ, ಡೇಟ್ ನೋಡ್ಲಿಕ್ಕೆ?" ಅಂತ ಕೇಳುತ್ತಿದ್ದ. ಈಗ ಅವನಿಗೂ ರೂಢಿಯಾಗಿದೆ. ಹೊಸ ಕೇಸ್ ಒಡೆದಿದ್ದರೆ ಅವನೇ ಒಳಗಿನಿಂದ ತಂದು ಕೊಡುತ್ತಾನೆ.

ನಮ್ಮ ಜನ ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚುವವರಲ್ಲ. ಬಿಯರಿಗೆ ಬಂದಾಗ ಮಾತ್ರ ಕೊಟ್ಟದ್ದನ್ನು ತಗೊಂಡು ಬರುತ್ತಾರೆ. ಯಾವ ಕಂಪನಿ, ಸಣ್ಣ ಪ್ರಮಾಣದಲ್ಲಿ ಮಾಡುವ ಕ್ರಾಫ್ಟ್ ಬಿಯರ್ ಒಳ್ಳೆಯದಾ ಸಾದಾ ಒಳ್ಳೆಯದಾ, ಬಾಟಲಿಯಾ ಟಿನ್ನಾ ಅಂತ ಗಂಟೆಗಟ್ಟಲೆ ಜಗಳ ಮಾಡುತ್ತಾರೆ. ನನ್ನ ವಾದ ಒಂದೇ. ಅದು ಯಾವಾಗ ತಯಾರಾಯಿತು, ಅಲ್ಲಿಂದ ಇಲ್ಲಿವರೆಗೆ ಎಲ್ಲಿ ಕೂತಿತ್ತು ಎನ್ನುವುದು ಮೊದಲು. ಉಳಿದ ಜಗಳ ಆಮೇಲೆ. ಮೊನ್ನೆ ಮೊನ್ನೆ ಪ್ಯಾಕ್ ಆದ, ಎಲ್ಲ ಕಡೆ ಸಿಗುವ ಸಾದಾ ತಿಳಿ ಬಿಯರ್, ಅಂದರೆ ಲಾಗರ್, ಸೆಕೆಯಲ್ಲಿ ತಿಂಗಳುಗಟ್ಟಲೆ ಬೆಂದ ದುಬಾರಿ ಬಿಯರನ್ನು ಆರಾಮವಾಗಿ ಸೋಲಿಸುತ್ತದೆ.

ಇದನ್ನೆಲ್ಲ ಹೇಳಲಿಕ್ಕೆ ನಾನು ಯಾರು ಅಂತ ಕೇಳಿದರೆ, ನನ್ನ ಹೊಟ್ಟೆಪಾಡಿನ ಕೆಲಸ ಕಾಫಿ ರುಚಿ ನೋಡುವುದು. ಚಿಕ್ಕಮಗಳೂರು, ಕೊಡಗಿನಿಂದ ಘಾಟಿ ಇಳಿದು ಬರುವ ಕಾಫಿ ಇಲ್ಲಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದವಾಗಿ, ಬಂದರಿನಿಂದ ಹೊರದೇಶಕ್ಕೆ ಹೋಗುತ್ತದೆ. ಹೋಗುವ ಮೊದಲು ಯಾರಾದರೂ ಕುಡಿದು ನೋಡಬೇಕಲ್ಲ. 150 ಮಿಲಿ ಬಿಸಿ ನೀರಿಗೆ 8.25 ಗ್ರಾಂ ಪುಡಿ. 4 ನಿಮಿಷ ಬಿಟ್ಟು ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆಯಬೇಕು, ಒಡೆಯುವಾಗಲೇ ಮೂಗು ಹತ್ತಿರ ಇರಬೇಕು. ಸ್ವಲ್ಪ ಆರಿದ ಮೇಲೆ ಸೊರ್ರ್ ಅಂತ ಎಳೆದು, ಬಾಯಿ ತುಂಬ ಹರಡಿ, ಉಗುಳಬೇಕು. ಕಾಫಿ ಆರುತ್ತಾ ಹೋದ ಹಾಗೆ ಅದರ ಬಣ್ಣ ಬಯಲಾಗುತ್ತದೆ. ಸುಡುವಾಗ ಚೆನ್ನಾಗಿದ್ದದ್ದು ಆರಿದಾಗ ಗೋಣಿ ವಾಸನೆ ಹೊಡೆಯಬಹುದು.

ಬಿಯರಿನಲ್ಲಿ ಇದು ಉಲ್ಟಾ. ಮಂಜುಗಡ್ಡೆ ಹಾಗೆ ತಣ್ಣಗಿರುವಾಗ ಎಲ್ಲ ಬಿಯರೂ ಸಾಧು. ಬೆಚ್ಚಗಾಗುತ್ತಾ ಬಂದಾಗ ಒಂದೊಂದೇ ಗುಣ ಹೊರಗೆ ಬೀಳುತ್ತದೆ. ನಮ್ಮ ಬಾರ್‌ಗಳಲ್ಲಿ ಕೇಳುವುದೇ "ಚಿಲ್ಡ್ ಉಂಟಾ?" ಅಂತ. ಏಪ್ರಿಲ್ ಮಧ್ಯಾಹ್ನ ಶರ್ಟ್ ಬೆನ್ನಿಗೆ ಅಂಟಿಕೊಂಡಿರುವಾಗ ನಾನೂ ಅದನ್ನೇ ಕೇಳುತ್ತೇನೆ. ಆದರೆ ರುಚಿ ನೋಡಲಿಕ್ಕೆ ಆ ತಂಪು ಆಗುವುದಿಲ್ಲ. ನಾಲಿಗೆ ಮರಗಟ್ಟಿರುತ್ತದೆ, ಮೂಗಿಗೆ ಏನೂ ಬರುವುದಿಲ್ಲ. ಲಾಗರ್ ಆದರೆ 6-7 ಡಿಗ್ರಿ, ಗೋಧಿ ಬಿಯರ್ ಅದಕ್ಕಿಂತ ತುಸು ಮೇಲೆ, ಸ್ಟೌಟ್‌ನಂಥ ಕಪ್ಪು ಬಿಯರ್ 10 ಡಿಗ್ರಿ ದಾಟಿದ ಮೇಲೆ ಬಾಯಿ ಬಿಡುತ್ತದೆ. ಥರ್ಮಾಮೀಟರ್ ಬೇಡ. ಫ್ರಿಜ್‌ನಿಂದ ತೆಗೆದು ಮೇಜಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಮಂಗಳೂರಿನ ಹವೆ ಉಳಿದ ಕೆಲಸ ಮಾಡುತ್ತದೆ.

ಇನ್ನೊಂದು ವ್ಯತ್ಯಾಸ, ಬಿಯರನ್ನು ಉಗುಳುವ ಹಾಗಿಲ್ಲ. ಅದರ ಕಹಿ ಸರಿಯಾಗಿ ತಿಳಿಯುವುದು ನುಂಗಿದ ಮೇಲೆ. ಹಾಗಾಗಿ ಸ್ವಲ್ಪ ಸ್ವಲ್ಪ ಕುಡಿಯಬೇಕು, ಮತ್ತೆ ಗಾಡಿ ಮುಟ್ಟಬಾರದು. ಅದಕ್ಕೇ ಈ ಕೆಲಸವನ್ನು ಕಾಪುವಿನಲ್ಲಿರುವ ಅಣ್ಣನ ಮನೆಯಲ್ಲಿ ಇಟ್ಟುಕೊಳ್ಳುವುದು. ರಾತ್ರಿ ಅಲ್ಲೇ ಮಲಗಬಹುದು.

ಅಣ್ಣ ಸ್ಟ್ರಾಂಗ್ ಪಾರ್ಟಿ. ಅವನಿಗೆ ಕೆಎಫ್ ಸ್ಟ್ರಾಂಗ್, ಅಂದರೆ ಆಲ್ಕೋಹಾಲ್ ಜಾಸ್ತಿ ಇರುವ ಕಿಂಗ್‌ಫಿಶರ್, ಬಿಟ್ಟರೆ ಬೇರೆ ಬಿಯರ್ ಇಲ್ಲ. ಅತ್ತಿಗೆ ಕುಡಿಯುವುದಿಲ್ಲ, ಆದರೆ ಇಡೀ ಕಾರ್ಯಕ್ರಮ ನಡೆಸುವುದು ಅವರೇ. ಅಡುಗೆಮನೆಯಲ್ಲಿ ನಮಗೆ ಕಾಣದ ಹಾಗೆ ಒಂದೇ ಥರದ ಗಾಜಿನ ಲೋಟಗಳಿಗೆ ಸುರಿದು, ತಳಕ್ಕೆ ನಂಬರ್ ಚೀಟಿ ಅಂಟಿಸಿ, ಟ್ರೇಯಲ್ಲಿ ತರುತ್ತಾರೆ. ಯಾವ ನಂಬರ್ ಯಾವುದು ಅನ್ನುವುದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ. ನಡುವೆ ಬಾಯಿ ತೊಳೆಯಲಿಕ್ಕೆ ನೀರು, ಮೆಲ್ಲಲಿಕ್ಕೆ ಬರೀ ಮಂಡಕ್ಕಿ. ಮೀನು ಆಮೇಲೆ. ಮೊದಲೇ ಮೀನು ಬಂದರೆ ಪರೀಕ್ಷೆ ಮುಗಿಯಿತು ಅಂತಲೇ ಲೆಕ್ಕ.

ಹೋದ ಸಲ ಮೊದಲ ಸುತ್ತಿಗೆ ಕಿಂಗ್‌ಫಿಶರ್ ಪ್ರೀಮಿಯಂ, ಬಡ್‌ವೈಸರ್, ಟ್ಯೂಬೋರ್ಗ್. ನಡುವೆ ಎಲ್ಲೋ ಒಂದು ಕೆಎಫ್ ಸ್ಟ್ರಾಂಗ್. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದಾಗ ಸ್ಟ್ರಾಂಗ್ ಒಂದನ್ನು ಬಿಟ್ಟು ಉಳಿದದ್ದು ನಮ್ಮಿಬ್ಬರಿಗೂ ಒಂದೇ ಥರ. ಸ್ಟ್ರಾಂಗನ್ನು ಮಾತ್ರ ಅಣ್ಣ ಲೋಟ ಬಾಯಿಗೆ ಮುಟ್ಟಿಸುವ ಮೊದಲೇ ಹಿಡಿದ. "ಇದು ನನ್ನದು" ಅಂತ ಪಕ್ಕಕ್ಕೆ ಎಳೆದುಕೊಂಡ. ಮೂಗು ಸರಿಯಾಗಿಯೇ ಉಂಟು ಮಾರಾಯನಿಗೆ. ಸ್ಟ್ರಾಂಗ್‌ನಲ್ಲಿ ಸಿಹಿ ಜಾಸ್ತಿ, ಅದರ ಹಿಂದೆ ಮೂಗಿಗೆ ಏರುವ ಆಲ್ಕೋಹಾಲ್ ಬಿಸಿ. ಅದನ್ನು ತಂಪು ಕೂಡ ಮುಚ್ಚುವುದಿಲ್ಲ.

ಲೋಟಗಳನ್ನು ಸುಮ್ನೆ ಬಿಟ್ಟು ಮಾತಾಡುತ್ತಾ ಕೂತೆವು. ಬೆವರು ಇಳಿದು ಚೀಟಿಗಳು ಒದ್ದೆಯಾಗುವ ಹೊತ್ತಿಗೆ ಮತ್ತೆ ಶುರು. ಈಗ ಬಡ್‌ವೈಸರ್ ಬೇರೆಯಾಯಿತು. ಅದರಲ್ಲಿ ಬಾರ್ಲಿಯ ಜೊತೆ ಅಕ್ಕಿ ಇರುತ್ತದೆ, ಲೇಬಲ್ ಮೇಲೆಯೇ ಬರೆದಿರುತ್ತಾರೆ. ಅಕ್ಕಿಯಿಂದ ಬಿಯರ್ ತೆಳುವಾಗುತ್ತದೆ, ಬಾಯಲ್ಲಿ ಬೇಗ ಮುಗಿಯುತ್ತದೆ. ಹಿಂದೆ ಹಸಿರು ಆಪಲ್ ಸಿಪ್ಪೆಯ ಸಣ್ಣ ವಾಸನೆ. ಕೆಎಫ್ ಪ್ರೀಮಿಯಂನಲ್ಲಿ ಧಾನ್ಯದ ಸಿಹಿ ಹೆಚ್ಚು, ನುಂಗಿದ ಮೇಲೆ ತುಸು ಕಹಿ ನಿಲ್ಲುತ್ತದೆ. ಟ್ಯೂಬೋರ್ಗ್ ಇವೆರಡರ ನಡುವೆ ಎಲ್ಲೋ ಇತ್ತು. ಅದರ ಬಗ್ಗೆ ನನ್ನ ನೋಟ್ ಪುಸ್ತಕದಲ್ಲಿ "ಕುಡಿಯಬಹುದು" ಅಂತ ಮಾತ್ರ ಇದೆ.

ನನ್ನ ಓಟು ಕೆಎಫ್ ಪ್ರೀಮಿಯಂಗೆ. ಇದಕ್ಕೆ ಊರಿನ ಅಭಿಮಾನ ಕಾರಣ ಅಂತ ಅಣ್ಣ ಹೇಳುತ್ತಾನೆ. ಇರಬಹುದು. ಕೆಎಫ್ ಮಾಡುವ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ, ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವ. 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರ್ ಆದವರು ವಿಠಲ್ ಮಲ್ಯ, ಅವರ ಮನೆತನ ಬಂಟ್ವಾಳದ್ದು. ಅದಕ್ಕೇ ಇಲ್ಲಿಯ ಹಳಬರಿಗೆ ಕೆಎಫ್ ಅಂದರೆ ನೆಂಟರ ಮನೆ ಬಿಯರ್. 2021ರಿಂದ ಕಂಪನಿಯ ಹಿಡಿತ ಡಚ್ಚರ ಹೈನೆಕೆನ್ ಕೈಯಲ್ಲಿದೆ. ಆದರೆ ಚೀಟಿ ಅಂಟಿಸಿದ ಲೋಟಕ್ಕೆ ಬಂಟ್ವಾಳ ಗೊತ್ತಾಗುವುದಿಲ್ಲವಲ್ಲ.

ಸ್ಟ್ರಾಂಗ್ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ದೊಡ್ಡ ಪಾಲು ಸ್ಟ್ರಾಂಗೇ. "ಬಿಯರ್ ಅಲ್ವಾ, ನೀರಿನ ಹಾಗೆ" ಅಂತ ಅಣ್ಣ ಹೇಳಿದಾಗಲೆಲ್ಲ ಒಂದು ಲೆಕ್ಕ ಒಪ್ಪಿಸುತ್ತೇನೆ. 650 ಮಿಲಿಯ ದೊಡ್ಡ ಬಾಟಲಿ, 8 ಪರ್ಸೆಂಟ್ ಅಂದರೆ ಅದರೊಳಗೆ ಶುದ್ಧ ಆಲ್ಕೋಹಾಲ್ 52 ಮಿಲಿ. ವಿಸ್ಕಿಯ 60 ಮಿಲಿ ಪೆಗ್, 42.8 ಪರ್ಸೆಂಟ್ ಅಂದರೆ 26 ಮಿಲಿ ಹತ್ತಿರ. ಒಂದು ಸ್ಟ್ರಾಂಗ್ ಬಾಟಲಿ ಅಂದರೆ ಎರಡು ಲಾರ್ಜ್. ಅಣ್ಣ ಇದನ್ನು ಕೇಳಿ, "ಹಾಗಾದರೆ ವಿಸ್ಕಿಗಿಂತ ಲಾಭ ಅಲ್ವಾ" ಅನ್ನುತ್ತಾನೆ. ಅವನಿಗೆ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಆ ದಿನ ಅವನ ಗೆಳೆಯರೊಬ್ಬರು ಬಂದಿದ್ದರು. ಬಂದವರೇ ಬಾಟಲಿ ತೆರೆದು, ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗಾಗಿ ನೀರಿನ ಲೋಟದಲ್ಲಿ ಅದ್ದಿ ಹಿಡಿದರು. ಗ್ಲಿಸರಿನ್ ತೆಗೆಯುವುದಂತೆ. ಎಷ್ಟೋ ಕಡೆ ನೋಡಿದ್ದೇನೆ ಈ ಪೂಜೆ. ಬಾಟಲಿಯಿಂದ ಎಣ್ಣೆಯಂಥ ಗೆರೆಗಳು ನೀರಿನೊಳಗೆ ಇಳಿಯುತ್ತವೆ, ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ. "ನೋಡಿ ಅಕ್ಕ, ಎಷ್ಟು ಹಾಕಿದ್ದಾರೆ!" ಅಂದರು ಅವರು. ನಾನು ಅತ್ತಿಗೆಯ ಹತ್ತಿರ ಖಾಲಿ ಬಾಟಲಿ ತರಿಸಿ, ಅದರಲ್ಲಿ ಸಕ್ಕರೆ ನೀರು ತುಂಬಿಸಿ, ಅದೇ ಥರ ಅದ್ದಿ ತೋರಿಸಿದೆ. ಅದೇ ಗೆರೆಗಳು ಇಳಿದವು. ಬಿಯರಿನಲ್ಲಿ ಹುಳಿಯದೆ ಉಳಿದ ಸಕ್ಕರೆ ಅಂಶಗಳಿರುತ್ತವೆ, ಹಾಗಾಗಿ ಅದು ನೀರಿಗಿಂತ ತುಸು ಭಾರ. ಭಾರವಾದದ್ದು ಕೆಳಗೆ ಇಳಿಯುತ್ತದೆ, ನೀರು ಮೇಲೆ ಬಾಟಲಿಯೊಳಗೆ ಹೋಗುತ್ತದೆ. ಗೆರೆ ಕಾಣುವುದು ಸಾಂದ್ರತೆ ಬೇರೆ ಬೇರೆ ಇರುವುದರಿಂದ. ಅಂದರೆ ಕಾಸು ಕೊಟ್ಟು ತಂದ ಬಿಯರನ್ನು ಲೋಟಕ್ಕೆ ಬಿಟ್ಟು, ಅದರ ಜಾಗಕ್ಕೆ ನಳ್ಳಿ ನೀರು ತುಂಬಿಸಿದ ಹಾಗಾಯಿತು. ಅವರು ಸಕ್ಕರೆ ನೀರಿನ ಬಾಟಲಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಆದರೂ ಒಳ್ಳೆಯದು, ತಲೆನೋವು ಬರುವುದಿಲ್ಲ" ಅಂದರು. ನೀರು ಬೆರೆತ ಮೇಲೆ ತಲೆನೋವು ಕಡಿಮೆಯಾಗಲೇಬೇಕಲ್ಲ!

ಈಗ ಡೇಟಿನ ವಿಷಯ. ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಟಿನ್. ಒಂದು ತಯಾರಾಗಿ ತಿಂಗಳು ತುಂಬಿಲ್ಲ. ಇನ್ನೊಂದು ಬೇಸಿಗೆ ಕಳೆದದ್ದು, ಎಕ್ಸ್‌ಪೈರಿಗೆ ಇನ್ನೂ ಟೈಮ್ ಇತ್ತು. ಕಂಪನಿಯ ಹೆಸರು ಬೇಡ, ತಪ್ಪು ಅವರದ್ದಲ್ಲ. ಹಳೆಯದನ್ನು ಸುರಿದಾಗ ಬಣ್ಣವೇ ಒಂದು ಛಾಯೆ ಗಾಢ. ಮೂಗಿಗೆ ಮೊದಲು ಜೇನಿನಂಥ ಸಿಹಿ ಬಂತು. ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಅದರ ಹಿಂದೆಯೇ ಒದ್ದೆ ರಟ್ಟಿನ ವಾಸನೆ. ಮಳೆಗಾಲದಲ್ಲಿ ಅಂಗಳದಲ್ಲಿ ಬಿಟ್ಟ ಕಾರ್ಟನ್ ಬಾಕ್ಸ್ ಇರುತ್ತದಲ್ಲ, ಅದೇ ವಾಸನೆ. ಕಹಿ ಮೊಂಡಾಗಿತ್ತು. ಬಾಯಿಯಲ್ಲಿ ಚಪ್ಪೆ. ಹೊಸತರಲ್ಲಿ ಇದ್ಯಾವುದೂ ಇರಲಿಲ್ಲ. ಅತ್ತಿಗೆ ಎರಡನ್ನೂ ಮೂಸಿ ಹಳೆಯದಕ್ಕೆ "ಇದು ಬೀರುವಿನ ವಾಸನೆ" ಅಂತ ತೀರ್ಪು ಕೊಟ್ಟರು.

ಕಾರಣ ಆಮ್ಲಜನಕ ಮತ್ತು ಸೆಕೆ. ಎಷ್ಟೇ ಜಾಗ್ರತೆ ಮಾಡಿದರೂ ಪ್ಯಾಕ್ ಮಾಡುವಾಗ ಚೂರು ಗಾಳಿ ಒಳಗೆ ಸೇರುತ್ತದೆ. ಆಮೇಲೆ ಅದು ಮೆಲ್ಲ ಕೆಲಸ ಮಾಡುತ್ತದೆ. 10 ಡಿಗ್ರಿ ಸೆಕೆ ಹೆಚ್ಚಾದರೆ ಇಂಥ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಅಂತ ಶಾಲೆಯಲ್ಲಿ ಕಲಿತದ್ದು ಇಲ್ಲಿಗೂ ಅನ್ವಯ. ಫ್ರಿಜ್‌ನಲ್ಲಿಟ್ಟ ಬಿಯರಿಗೂ ಕರಾವಳಿಯ ಶೀಟ್ ಮಾಡಿನ ಗೋಡೌನಿನಲ್ಲಿಟ್ಟ ಬಿಯರಿಗೂ ಡೇಟ್ ಒಂದೇ, ವಯಸ್ಸು ಬೇರೆ. ಹಾಗಾಗಿ ನಾನು ನೋಡುವುದು ತಯಾರಾದ ದಿನ. ಎಕ್ಸ್‌ಪೈರಿ ನೋಡುವುದಿಲ್ಲ. 2 ತಿಂಗಳೊಳಗಿನದ್ದು ಸಿಕ್ಕಿದರೆ ಖುಷಿ, 4 ದಾಟಿದ್ದರೆ ಬೇರೆ ಕೊಡಿ ಅಂತ ಕೇಳುತ್ತೇನೆ. ಬೇಗ ಖರ್ಚಾಗುವ ಬ್ರ್ಯಾಂಡ್ ತಗೊಳ್ಳುವುದರ ಲಾಭ ಇದೇ. ಅಂಗಡಿಯಲ್ಲಿ ಯಾರೂ ಕೇಳದ, ಧೂಳು ಹಿಡಿದ ಚಂದದ ಲೇಬಲ್ಲಿನ ಬಾಟಲಿಗೆ ಮರುಳಾಗಬೇಡಿ. ಮುಚ್ಚಳದ ಅಂಚನ್ನೂ ನೋಡಿ. ಉಪ್ಪು ಗಾಳಿಗೆ ಕಬ್ಬಿಣದ ಮುಚ್ಚಳ ತುಕ್ಕು ಹಿಡಿದು ಬಾಟಲಿಯ ಬಾಯಿಗೆ ಕೆಂಪು ಉಂಗುರ ಬಿದ್ದಿರುತ್ತದೆ. ಅದು ಎಷ್ಟು ದಿನದಿಂದ ಕೂತಿದೆ ಎನ್ನುವುದಕ್ಕೆ ಅದೊಂದು ಸಾಕ್ಷಿ. ತೆರೆದ ಮೇಲೆ ಒರೆಸಿಯೇ ಸುರಿಯಿರಿ.

ಬೆಳಕು ಇನ್ನೊಂದು ಶತ್ರು. ಇದಕ್ಕೆ ಅಣ್ಣನ ಟೆರೇಸ್ ಮೇಲೆ ಒಂದು ಪ್ರಯೋಗ ಮಾಡಿದ್ದೆ. ಹಸಿರು ಗಾಜಿನ ಎರಡು ಪಿಂಟ್ ಬಾಟಲಿ, ಒಂದೇ ಕೇಸಿನದ್ದು. ಒಂದನ್ನು ಬಿಸಿಲಿಗೆ ಇಟ್ಟೆ, ಇನ್ನೊಂದನ್ನು ಅದೇ ಸೆಕೆಯಲ್ಲಿ ಗೋಣಿ ಸುತ್ತಿ ಪಕ್ಕದಲ್ಲೇ ಇಟ್ಟೆ. ಆಮೇಲೆ ಎರಡನ್ನೂ ಒಟ್ಟಿಗೆ ಫ್ರಿಜ್‌ಗೆ. ಸಂಜೆ ತೆರೆದಾಗ ಬಿಸಿಲು ತಿಂದದ್ದು ಸುಟ್ಟ ರಬ್ಬರ್ ಮತ್ತು ಬೆಕ್ಕಿನ ಮೂತ್ರದ ನಡುವಿನ ವಾಸನೆ ಹೊಡೆಯುತ್ತಿತ್ತು. ಗೋಣಿ ಸುತ್ತಿದ್ದು ಸರಿ ಇತ್ತು. ಬಿಯರಿಗೆ ಕಹಿ, ಪರಿಮಳ ಕೊಡಲಿಕ್ಕೆ ಹಾಕುವ ಹಾಪ್ಸ್ ಎಂಬ ಹೂವಿನಿಂದ ಬರುವ ಕಹಿ ಅಂಶ ಬೆಳಕು ತಾಗಿ ಒಡೆದಾಗ ಗಂಧಕದ ಜೊತೆ ಸೇರಿ ಈ ವಾಸನೆ ಹುಟ್ಟುತ್ತದೆ. ಕಂದು ಗಾಜು ಆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಅಷ್ಟು ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಕೆಲವು ಕಂಪನಿಗಳು ಬೆಳಕಿಗೆ ಕೆಡದ ಹಾಗೆ ಬದಲಿಸಿದ ಹಾಪ್ಸ್ ಸಾರ ಬಳಸುತ್ತವೆ, ಅವರದ್ದು ಬಚಾವ್. ಟಿನ್‌ನಲ್ಲಿ ಈ ರಗಳೆಯೇ ಇಲ್ಲ. ಟಿನ್ ಬಿಯರಿಗೆ ಲೋಹದ ರುಚಿ ಬರುತ್ತದೆ ಅನ್ನುವವರಿಗೆ ಒಂದೇ ಮಾತು, ಲೋಟಕ್ಕೆ ಸುರಿದು ಕುಡಿಯಿರಿ. ಒಳಗೆ ಲೇಪನ ಇರುತ್ತದೆ. ನಾಲಿಗೆಗೆ ತಾಗುವುದು ಹೊರಗಿನ ಅಂಚು.

ಇಷ್ಟಾದ ಮೇಲೆ ಕ್ರಾಫ್ಟ್. ಬೆಂಗಳೂರಿನಲ್ಲಿ 2010ರಲ್ಲಿ ಟಾಯ್ಟ್ ಎಂಬ ಬ್ರೂಪಬ್, ಅಂದರೆ ತನ್ನ ಬಿಯರನ್ನು ತಾನೇ ತಯಾರಿಸುವ ಪಬ್, ಶುರುವಾದ ಹೊತ್ತಿನಿಂದ ಅಲ್ಲಿ ಹಬ್ಬಿದ ಈ ಹುಚ್ಚು ಮೆಲ್ಲ ಘಾಟಿ ಇಳಿದು ನಮ್ಮಲ್ಲಿಗೂ ಬಂತು. ಗಾಜಿನ ಹಿಂದೆ ಸ್ಟೀಲ್ ಟ್ಯಾಂಕ್ ಸಾಲಾಗಿ ನಿಂತಿರುತ್ತವೆ, ಅಲ್ಲಿಂದ ನೇರ ನಲ್ಲಿಗೆ. ಸೋಸಿರುವುದಿಲ್ಲ, ಬಾಟಲಿ ಬಿಯರಿನ ಹಾಗೆ ಬಿಸಿ ಮಾಡಿ ಪಾಶ್ಚರೈಸ್ ಮಾಡಿರುವುದಿಲ್ಲ. ಹೊಸತಿನ ಲೆಕ್ಕದಲ್ಲಿ ಇದಕ್ಕಿಂತ ಬೇರೆ ಬೇಕಾ? ಆದರೆ ಅಲ್ಲೂ ನನ್ನ ಪ್ರಶ್ನೆ ಅದೇ. ಮೆನುವಿನಲ್ಲಿ ಆರು ಬಿಯರ್ ಇದ್ದರೆ ಆರೂ ಒಂದೇ ವೇಗದಲ್ಲಿ ಖಾಲಿಯಾಗುವುದಿಲ್ಲ. ಹಾಗಾಗಿ ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ, ವೇಟರ್ ಎಲ್ಲವೂ ಚೆನ್ನಾಗಿದೆ ಅನ್ನುತ್ತಾನೆ. ಯಾವುದು ಜಾಸ್ತಿ ಹೋಗುತ್ತದೆ, ಯಾವುದು ಈಚೆಗೆ ತೆರೆದದ್ದು ಅಂತ ಕೇಳಿ. ಸಣ್ಣ ಟೇಸ್ಟರ್ ಗ್ಲಾಸಿನಲ್ಲಿ ಕೊಡುತ್ತಾರೆ. ನಾಚಿಕೆ ಬಿಟ್ಟು ಕೇಳಬೇಕು.

ನಮ್ಮಲ್ಲಿ ಜಾಸ್ತಿ ಹೋಗುವುದು ಗೋಧಿ ಬಿಯರ್. ಇದರಲ್ಲಿ ಎರಡು ಜಾತಿ. ಬೆಲ್ಜಿಯಂ ಕಡೆಯದ್ದರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೂಗಾರ್ಡನ್ ಇದೇ ಜಾತಿ, 2015ರಲ್ಲಿ ಬಂದ ಬೀರಾ 91ರ ವೈಟ್ ಕೂಡ ಇದೇ ದಾರಿಯದ್ದು. ಬವೇರಿಯಾ ಕಡೆಯ ಹೆಫೆವೈಜನ್‌ಗೆ ಯಾವ ಮಸಾಲೆಯೂ ಇಲ್ಲ. ಆದರೂ ಬಾಳೆಹಣ್ಣು, ಲವಂಗದ ಪರಿಮಳ. ಅದನ್ನು ಮಾಡುವುದು ಯೀಸ್ಟ್. ಅಣ್ಣನನ್ನು ಮೊದಲ ಸಲ ಬ್ರೂಪಬ್‌ಗೆ ಕರೆದುಕೊಂಡು ಹೋದಾಗ ಒಂದು ಗುಟುಕು ಕುಡಿದು, "ಎಂತ ಮಾರಾಯ್ತಿ ಇದು, ಬಾಳೆಹಣ್ಣು ಅರೆದು ಹಾಕಿದ್ದಾರಾ?" ಅಂತ ಲೋಟವನ್ನು ದೂರ ಸರಿಸಿದ. ಆಮೇಲೆ ಕಾಣೆ ಮೀನಿನ ರವಾ ಫ್ರೈ ಬಂತು. ಕೈ ಮತ್ತೆ ಲೋಟದ ಕಡೆ ಹೋಯಿತು.

ಮೂರನ್ನೂ ಹೋಲಿಸಿದರೆ, ಹೊಸತಾದ ಹೆಫೆವೈಜನ್ ಮುಂದೆ ಬಾಟಲಿಯವು ನಿಲ್ಲುವುದಿಲ್ಲ. ನೊರೆ ದಟ್ಟ, ಗ್ಯಾಸ್ ಜಾಸ್ತಿ, ಬಾಯಿ ತುಂಬುತ್ತದೆ. ಬಾಟಲಿಯ ಎರಡರಲ್ಲಿ ಹೂಗಾರ್ಡನ್‌ಗೆ ನನ್ನ ಮಾರ್ಕ್ ಜಾಸ್ತಿ. ಕೊತ್ತಂಬರಿ ಬೀಜದ ವಾಸನೆ ಸ್ಪಷ್ಟ, ಹಿಂದೆ ಸಣ್ಣ ಹುಳಿ. ಬೀರಾ ವೈಟ್ ಮೆತ್ತಗೆ, ಕಹಿ ಇಲ್ಲವೇ ಇಲ್ಲ ಅನ್ನುವಷ್ಟು. ಬಿಯರ್ ಕಹಿ ಅಂತ ದೂರ ಇದ್ದ ನನ್ನ ಎಷ್ಟೋ ಗೆಳತಿಯರು ಶುರು ಮಾಡಿದ್ದು ಅದರಿಂದಲೇ.

ಐಪಿಎ, ಅಂದರೆ ಹಾಪ್ಸ್ ಜಾಸ್ತಿ ಹಾಕಿದ ಇಂಡಿಯಾ ಪೇಲ್ ಏಲ್ ಬಿಯರ್, ಇದರ ಬಗ್ಗೆ ನನಗೆ ಸ್ವಲ್ಪ ಜಗಳ ಇದೆ. 18ನೇ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ ಕಳಿಸುತ್ತಿದ್ದ ಪೇಲ್ ಏಲ್ ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಭಾರತಕ್ಕೆ ಬರುತ್ತಿತ್ತು. ಹಾಪ್ಸ್ ಜಾಸ್ತಿ ಇದ್ದದ್ದರಿಂದ ಹುಳಿಯದೆ ತಡೆಯುತ್ತಿತ್ತು. ಈಗಿನ ಐಪಿಎ ಕತೆ ಪೂರ್ತಿ ಬೇರೆ. ಅದರ ಜೀವ ಇರುವುದೇ ಹಾಪ್ಸ್‌ನ ಪರಿಮಳದಲ್ಲಿ. ಕಿತ್ತಳೆ, ಮಾವು, ಕೆಲವದರಲ್ಲಿ ಪೇರಳೆ. ಆ ಪರಿಮಳವೇ ಎಲ್ಲಕ್ಕಿಂತ ಮೊದಲು ಹಾರಿಹೋಗುವುದು. ದೂರ ಕಳಿಸಲಿಕ್ಕೆ ಹೆಸರಾದ ಬಿಯರೇ ಈಗ ದೂರ ಹೋದರೆ ಬೇಗ ಸೊರಗುತ್ತದೆ! ಗೋವಾದಲ್ಲಿ ಅಲ್ಲಿಯದ್ದೇ ಆದ ಏಟ್ ಫಿಂಗರ್ ಎಡ್ಡಿ ಎಂಬ ಐಪಿಎ ಕುಡಿದಾಗ, ಬೆಂಗಳೂರಿನಲ್ಲಿ ಗೈಸ್ಟ್ ಬ್ರೂವರಿಯವರ ಕಾಮಸಿಟ್ರಾ ಐಪಿಎಯನ್ನು ನಲ್ಲಿಯಿಂದ ಕುಡಿದಾಗ ಐಪಿಎ ಅಂದರೆ ಏನು ಅಂತ ತಿಳಿಯಿತು. ನಮ್ಮೂರಿನಲ್ಲಿ ಧೂಳು ಒರೆಸಿ ಕೊಟ್ಟ ಐಪಿಎಯಲ್ಲಿ ಪರಿಮಳ ಹೋಗಿ ಕಹಿ ಮಾತ್ರ ಉಳಿದಿತ್ತು. ಅದನ್ನು ಕುಡಿದು "ಕ್ರಾಫ್ಟ್ ಅಂದರೆ ಕಷಾಯ" ಅಂದವರಿದ್ದಾರೆ. ಅವರದ್ದೇನೂ ತಪ್ಪಿಲ್ಲ.

ಊಟದ ಜೊತೆಗೂ ಐಪಿಎ ನಮ್ಮ ಕಡೆ ಕಷ್ಟ. ಬಂಗುಡೆ ಮೀನಿನ ಹುಳಿ-ಖಾರದ ಪದಾರ್ಥ ಪುಳಿಮುಂಚಿಯ ಖಾರಕ್ಕೆ ಈ ಕಹಿ ಸೇರಿದರೆ ಬಾಯಿ ಉರಿ ಇನ್ನೂ ಏರುತ್ತದೆ. ಪುಳಿಮುಂಚಿಗೆ ಗೋಧಿ ಬಿಯರೇ ಸರಿ. ಚಿಕನ್ ಘೀ ರೋಸ್ಟ್ ಜೊತೆ ಯಾವ ಬಿಯರ್ ಕುಡಿದರೂ ನೊರೆ ಉಳಿಯುವುದಿಲ್ಲ. ತುಟಿಯ ತುಪ್ಪ ಲೋಟದ ಅಂಚಿಗೆ ತಾಗಿದ ಕೂಡಲೇ ನೊರೆ ಸುಯ್ಯೆಂದು ಇಳಿದುಹೋಗುತ್ತದೆ. ಬಿಯರ್ ಸತ್ತಿದೆ ಅಂತ ಅಂದುಕೊಳ್ಳಬೇಡಿ, ಬಾಯಿ ಒರೆಸಿಕೊಳ್ಳಿ. ಇನ್ನು ಒಪ್ಪಲಿಕ್ಕೆ ಮನಸ್ಸಿಲ್ಲದಿದ್ದರೂ ಹೇಳಬೇಕಾದದ್ದು, ಅತ್ತಿಗೆ ಮಾಡುವ ಕೋರಿ ರೊಟ್ಟಿಗೆ ಅಣ್ಣನ ಸ್ಟ್ರಾಂಗ್ ಒಳ್ಳೆ ಜೋಡಿ. ಅದರ ಕೋಳಿ ಸಾರಿನ, ಅಂದರೆ ಗಸಿಯ, ಖಾರಕ್ಕೆ ಸ್ಟ್ರಾಂಗ್‌ನ ಸಿಹಿ ಕೂತುಕೊಳ್ಳುತ್ತದೆ. ಲೈಟ್ ಲಾಗರ್ ಆ ಗಸಿಯ ಮುಂದೆ ಇದ್ದೂ ಇಲ್ಲದ ಹಾಗೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2023ರ ಜುಲೈಯ ರಾಜ್ಯ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185 ಪರ್ಸೆಂಟ್‌ಗೆ ಏರಿತು. ಇಷ್ಟು ಕೊಟ್ಟು ಕುಡಿಯುವಾಗ ಡೇಟ್ ಕೇಳುವ ಹಕ್ಕು ನಮಗೆ ಇಲ್ವಾ?

ಕೊನೆಗೆ ಸ್ಟೌಟ್. ಇದು ನನ್ನ ಕೆಲಸಕ್ಕೆ ಹತ್ತಿರದ ಬಿಯರ್. ಹುರಿದ ಬಾರ್ಲಿಯಿಂದ ಬರುವ ಕಪ್ಪು ಬಣ್ಣ, ಕಾಫಿ, ಕೋಕೋದ ಕಹಿ. ಈಚೆಗೆ ಒಂದು ಬ್ರೂಪಬ್‌ನಲ್ಲಿ ಕಾಫಿ ಸ್ಟೌಟ್ ಅಂತ ಬೋರ್ಡ್ ಹಾಕಿದ್ದರು. ಬಿಡುತ್ತೇನಾ? ಮೊದಲ ಗುಟುಕು ಚೆನ್ನಾಗಿತ್ತು. ಬೆಚ್ಚಗಾದ ಮೇಲೆ ಇದ್ದಿಲಿನ ರುಚಿ ಬಂತು. ಬಾರ್ಲಿ ಮೊದಲೇ ಕಪ್ಪಾಗಿ ಹುರಿದದ್ದು, ಅದಕ್ಕೆ ಕಾಫಿಯೂ ಅಷ್ಟೇ ಕಪ್ಪು. ಎರಡು ಕಪ್ಪು ಸೇರಿ ಬೂದಿಯಾಗಿತ್ತು. ಬ್ರೂವರ್ ಹುಡುಗ ಟೇಬಲ್ ಹತ್ತಿರ ಬಂದು "ಹೇಗಿದೆ ಮೇಡಂ?" ಅಂತ ಕೇಳಿದ. ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ಹಾಗಾದರೆ ಯಾವ ಕಾಫಿ ಹಾಕಬೇಕು ಅಂತ ಕುರ್ಚಿ ಎಳೆದು ಕೂತ.

ನಾನು ಹೇಳಿದ್ದು ಮಾನ್ಸೂನ್ಡ್ ಮಲಬಾರ್. ನಮ್ಮ ಕರಾವಳಿಯದ್ದೇ ಕಾಫಿ. ಮಳೆಗಾಲದ ಒದ್ದೆ ಗಾಳಿಗೆ ಬೀಜವನ್ನು ವಾರಗಟ್ಟಲೆ ಒಡ್ಡುತ್ತಾರೆ. ಅದು ಊದಿಕೊಂಡು ಹಸಿರು ಹೋಗಿ ತೆಳು ಹಳದಿಯಾಗುತ್ತದೆ, ಹುಳಿ ಪೂರ್ತಿ ತಗ್ಗುತ್ತದೆ. ಬಿಯರಿಗೆ ಶತ್ರುವಾದ ಇದೇ ಗಾಳಿ ಕಾಫಿಗೆ ಬೆಲೆ ತಂದುಕೊಡುತ್ತದೆ ನೋಡಿ. ಸ್ಟೌಟ್‌ನಲ್ಲಿ ಸುಟ್ಟ ಬಾರ್ಲಿಯದ್ದೇ ಒಂದು ಹುಳಿ ಇರುವುದರಿಂದ ಹುಳಿ ಇಲ್ಲದ ಕಾಫಿ ಬೇಕು, ಹದವಾಗಿ ಹುರಿದದ್ದು ಸಾಕು, ಕುದಿಸದೆ ತಣ್ಣೀರಿನಲ್ಲಿ ನೆನೆಸಿದ ಡಿಕಾಕ್ಷನ್ ಹಾಕು ಅಂತ ಹೇಳಿದೆ. ಅದರ ಮರುವಾರ ಕಾಲು ಕೆಜಿ ಹುರಿಸಿ ಕೊಟ್ಟು ಬಂದಿದ್ದೇನೆ. ಪ್ಯಾಕೆಟ್ ಮೇಲೆ ಹುರಿದ ಡೇಟ್ ದಪ್ಪಕ್ಷರದಲ್ಲಿ ಬರೆದಿದ್ದೇನೆ, ಸ್ಟೋರ್ ರೂಮಿನಲ್ಲಿ ಮರೆತು ಬಿಟ್ಟರೆ ಎರಡನೇ ಪ್ಯಾಕೆಟ್ ಇಲ್ಲ ಅಂತಲೂ ಹೇಳಿದ್ದೇನೆ. ಟ್ಯಾಂಕ್ ಖಾಲಿಯಾದ ಮೇಲೆ ಮಾಡುತ್ತೇನೆ ಅಂದಿದ್ದಾನೆ. ಮಾಡಿದರೆ ಅಣ್ಣನನ್ನೂ ಕರೆದುಕೊಂಡು ಹೋಗಿ ಕುಡಿದು ಬಂದು ಬರೆಯುತ್ತೇನೆ. ಅವನು ಈಗಲೇ ಕೇಳಿ ಇಟ್ಟುಕೊಂಡಿದ್ದಾನೆ, ಅದು ಎಷ್ಟು ಪರ್ಸೆಂಟ್ ಅಂತ.